ಪೆಟ್ಟಿಗೆ ಮೇಸ್ತ್ರಿಯ ಎಪ್ಪತ್ತೆರಡು ಅಕ್ಷರ

ಆ ಅಕ್ಷರಗಳನ್ನು ನೀವೂ ನೋಡಿರುತ್ತೀರಿ. ಸೋಪಿನ ಕವರಿನ ಮೇಲೆ, ಬೇಕರಿಯ ಬೋರ್ಡಿನ ಮೇಲೆ, ಜಾಮಿನ ಬಾಟಲಿ, ಬಟ್ಟೆಯ ಚೀಲ, ‘ಕೈಯಲ್ಲೇ ಮಾಡಿದ್ದು’ ಅಂತ ಹೇಳಿಕೊಂಡು ಮಾರುವ ಸಮಸ್ತ ಸಾಮಾನಿನ ಮೇಲೆ. ದಪ್ಪ ಮೈ, ಗಿಡ್ಡ ಕಾಲು, ಪ್ರತಿ ಗೆರೆಯ ಕೊನೆಗೂ ಚಪ್ಪಟೆಯಾದ ಒಂದು ಪಾದ. ಆ ಪಾದಗಳಾದರೂ ಸಮ ಇವೆಯಾ? ಒಂದು ಉದ್ದ, ಒಂದು ಮೋಟು, ಇನ್ನೊಂದು ಬಾಗಿಲಿಗೆ ಸಿಕ್ಕಿ ಜಜ್ಜಿದ ಹೆಬ್ಬೆರಳಿನ ಹಾಗೆ ಸೊಟ್ಟ. ಅಂಚು ಅಲ್ಲಲ್ಲಿ ಕಿತ್ತುಬಂದಿದೆ. ಜನ ನೋಡಿ ‘ಆಹಾ, ಎಷ್ಟು ಜೀವ ಇದೆ ಇದರಲ್ಲಿ!’ ಅನ್ನುತ್ತಾರೆ. ಅವುಗಳನ್ನು ಕೆತ್ತಿದ ಮನುಷ್ಯ ಮಾತ್ರ ಆ ಬೇಕರಿಯ ಮುಂದೆ ಹಾದುಹೋಗಬೇಕಾಗಿ ಬಂದರೆ, ರಸ್ತೆ ದಾಟಿ ಆಚೆ ಬದಿಯಿಂದ ಹೋಗುತ್ತಾನೆ.

ಅವನನ್ನು ಎಲ್ಲರೂ ಪೆಟ್ಟಿಗೆ ಮೇಸ್ತ್ರಿ ಅನ್ನುತ್ತಾರೆ. ಎದುರಿಗೆ ಬರೀ ಮೇಸ್ತ್ರಿ, ಬೆನ್ನು ತಿರುಗಿಸಿದ ತಕ್ಷಣ ಪೆಟ್ಟಿಗೆ ಮೇಸ್ತ್ರಿ. ವಯಸ್ಸು ಎಪ್ಪತ್ತರ ಆಸುಪಾಸು. ಕಸುಬು, ಅಚ್ಚುಕೂಟಗಳಿಗೆ ಮರದ ಅಕ್ಷರ ಕೆತ್ತಿಕೊಡುವುದು. ಗೋಡೆಗೆ ಅಂಟಿಸುವ ದೊಡ್ಡ ಪೋಸ್ಟರಿಗೆ ಸೀಸದ ಅಕ್ಷರ ಒಗ್ಗುವುದಿಲ್ಲ, ಹೊರಲಾರದಷ್ಟು ಭಾರವಾಗುತ್ತದೆ. ಅದಕ್ಕೇ ಮರ. ಅಂಗೈ ಅಗಲದ ತುಂಡಿನ ಮೇಲೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆದು, ಬೇಡದ್ದನ್ನೆಲ್ಲ ಉಳಿಯಿಂದ ತೆಗೆದು, ಬೇಕಾದ್ದನ್ನು ಉಬ್ಬಾಗಿ ಉಳಿಸಬೇಕು. ಹೇಳುವುದಕ್ಕೆ ಎರಡು ಮಾತು. ಮಾಡುವವನ ಕತ್ತು, ಕಣ್ಣು, ಸೊಂಟ ಮೂರೂ ಐವತ್ತು ದಾಟುವ ಮೊದಲೇ ಕೈ ಎತ್ತಿಬಿಡುತ್ತವೆ.

ಈ ಕಸುಬಿನವರಿಗೆ ಒಂದು ಹುಚ್ಚು. ತಾವು ಕೆತ್ತಿದ್ದು ಕೈಯಲ್ಲಿ ಕೆತ್ತಿದ್ದು ಅಂತ ಯಾರಿಗೂ ಗೊತ್ತಾಗಬಾರದು. ಸೀಸದಲ್ಲಿ ಎರಕ ಹೊಯ್ದ ಹಾಗೆ, ಯಂತ್ರದ ಬಾಯಿಂದ ಉದುರಿದ ಹಾಗೆ ಇರಬೇಕು. ಒಂದೇ ಅಕ್ಷರವನ್ನು ನಾಲ್ಕು ಸಲ ಕೆತ್ತಿದರೆ ನಾಲ್ಕೂ ಒಂದರ ಮೇಲೊಂದು ಇಟ್ಟಾಗ ಕೂದಲೆಳೆಯಷ್ಟೂ ಆಚೀಚೆ ಆಗಕೂಡದು. ಹಾಗೆ ಕೆತ್ತಿದವನೇ ಕೆಲಸಗಾರ. ಕೈಯ ಗುರುತು ಉಳಿಯಿತೋ, ಅವನಿನ್ನೂ ಕಲಿಯುತ್ತಿದ್ದಾನೆ ಅಂತ ಅರ್ಥ. ಮೇಸ್ತ್ರಿ ಇಪ್ಪತ್ತೈದರ ಹರೆಯದಲ್ಲೇ ಆ ಮಟ್ಟಕ್ಕೆ ಬಂದಿದ್ದ. ಸುಮ್ಮನೆ ಹೊಗಳಿಕೆಯಲ್ಲ, ಅವನಿಗೆ ಕಲಿಸಿದ ದೊಡ್ಡ ಮೇಸ್ತ್ರಿಯೇ ನಾಲ್ಕು ಜನರ ಮುಂದೆ ಹಾಗಂದಿದ್ದರು. ಅವರು ಹೊಗಳುವ ಜಾತಿಯ ಮನುಷ್ಯರೇ ಅಲ್ಲ. ಅವರ ಬಾಯಿಂದ ‘ಪರವಾಗಿಲ್ಲ’ ಅನ್ನಿಸಿಕೊಂಡವರು ಮನೆಗೆ ಹೋಗಿ ಹೆಂಡತಿಗೆ ಹೇಳಿಕೊಳ್ಳುತ್ತಿದ್ದರು.

ಅಂಥವನ ಹಣೆಗೆ ಪೆಟ್ಟಿಗೆ ಅನ್ನುವ ಹೆಸರು ಅಂಟಿದ್ದು ಒಂದು ಸರ್ಕಸ್ಸಿನಿಂದ.

ಆಗ ಅವನಿಗೆ ಇಪ್ಪತ್ತಾರು. ಊರಿಗೆ ಸರ್ಕಸ್ ಬಂತು. ಪೋಸ್ಟರು ಬೇಕು, ನಾಲ್ಕೇ ದಿನದಲ್ಲಿ ಊರ ಗೋಡೆಯೆಲ್ಲ ತುಂಬಬೇಕು. ಅಚ್ಚುಕೂಟದ ಮಾಲೀಕ ‘ಆಗಲಿ’ ಅಂತ ಒಪ್ಪಿಕೊಂಡು ದೊಡ್ಡ ಅಕ್ಷರಗಳ ಬೀರು ತೆಗೆದು ನೋಡುತ್ತಾನೆ, ಗೆದ್ದಲು! ಹೊರಗಿನಿಂದ ಅಕ್ಷರದ ಹಾಗೇ ಇದೆ, ಎತ್ತಿದರೆ ಬೆರಳ ಸಂದಿಯಿಂದ ಪುಡಿ ಉದುರುತ್ತದೆ. ಮಾಲೀಕ ಓಡಿಬಂದು ಮೇಸ್ತ್ರಿಯ ಕೈ ಹಿಡಿದುಕೊಂಡ. ‘ಹೇಗಾದರೂ ಮಾಡಿ ಒಂದು ಸೆಟ್ಟು ಕೆತ್ತಿಕೊಡಪ್ಪ, ನನ್ನ ಮರ್ಯಾದೆ ಉಳಿಸು.’

ಒಣಗಿದ ಮರ ಇರಲಿಲ್ಲ. ಅಕ್ಷರಕ್ಕೆ ಮೂರು ವರ್ಷವಾದರೂ ನೆರಳಲ್ಲಿ ಒಣಗಿದ ಗಟ್ಟಿ ಮರ ಬೇಕು. ಅಚ್ಚುಕೂಟದ ಹಿತ್ತಲಲ್ಲಿ ಇದ್ದದ್ದು ಯಂತ್ರದ ಬಿಡಿಭಾಗ ತುಂಬಿಕೊಂಡು ಬಂದಿದ್ದ ಹಳೆಯ ಪ್ಯಾಕಿಂಗ್ ಪೆಟ್ಟಿಗೆಗಳು. ನಾರು ನಾರಾದ ಮೆತ್ತನೆ ಮರ, ಅಡಿಗೊಂದು ಗಂಟು, ಗೇಣಿಗೊಂದು ಮೊಳೆಯ ತೂತು. ‘ಇದರಲ್ಲಿ ಅಕ್ಷರ ಕೆತ್ತೋದೂ ಒಂದೇ, ರೊಟ್ಟಿಯಲ್ಲಿ ಕೆತ್ತೋದೂ ಒಂದೇ’ ಅಂದ ಮೇಸ್ತ್ರಿ. ಅಂದ ಮೇಲೂ ಕೂತ. ನಾಲ್ಕು ದಿನಕ್ಕೆ ಎಪ್ಪತ್ತೆರಡು ತುಂಡು. ಎರಡನೆಯ ದಿನ ಗಂಟಿಗೆ ಸಿಕ್ಕಿದ ಉಳಿ ಜಾರಿ ಎಡಗೈಯ ಹೆಬ್ಬೆರಳನ್ನು ಮೂಳೆ ಕಾಣುವವರೆಗೆ ಸೀಳಿತು. ಬಟ್ಟೆ ಸುತ್ತಿಕೊಂಡು ಮುಂದುವರಿಸಿದ. ಹೆಬ್ಬೆರಳಿಲ್ಲದೆ ತುಂಡನ್ನು ಬಿಗಿಯಾಗಿ ಹಿಡಿಯುವುದಾದರೂ ಹೇಗೆ? ಉಳಿ ಹೋದ ಕಡೆ ಗೆರೆ ಹೋಯಿತು. ಕೆಲವು ಪಾದ ಉದ್ದವಾದವು, ಕೆಲವು ಚಕ್ಕೆ ಎದ್ದು ಮೋಟಾದವು. ಸರ್ಕಸ್ಸಿನ ಪೋಸ್ಟರು ಹೇಳಿದ ಹೊತ್ತಿಗೆ ಗೋಡೆ ಹತ್ತಿತು. ಮಾಲೀಕನ ಮರ್ಯಾದೆ ಉಳಿಯಿತು.

ಮೇಸ್ತ್ರಿಯ ಮರ್ಯಾದೆ ಮಾತ್ರ ಐದನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಹೋಯಿತು. ದೊಡ್ಡ ಮೇಸ್ತ್ರಿ ಗೋಡೆಯಿಂದ ಒಂದು ಪೋಸ್ಟರನ್ನು ಕಿತ್ತುಕೊಂಡು ಬಂದು, ಕೆಲಸದ ಮೇಜಿನ ಮೇಲೆ ಹಾಸಿ, ಎಲ್ಲರನ್ನೂ ಕರೆದರು. ‘ಇದು ಯಾರ ಕೈ?’ ಅಂತ ಕೇಳಿದರು. ಕಟ್ಟಿದ ಹೆಬ್ಬೆರಳನ್ನು ನೋಡಿದ ಮೇಲೆ ಕೇಳಬೇಕಾಗಿಯೂ ಇರಲಿಲ್ಲ. ‘ಇದಕ್ಕೆ ಉಳಿ ಯಾಕೆ ಬೇಕಿತ್ತು? ಕೊಡಲಿ ಸಾಕಿತ್ತು’ ಅಂದು ಹೊರಟುಹೋದರು. ಮರ ಇರಲಿಲ್ಲ, ಬೆರಳು ಸೀಳಿತ್ತು, ನಾಲ್ಕೇ ದಿನ ಇತ್ತು ಅಂತ ಮೇಸ್ತ್ರಿ ಹೇಳಲಿಲ್ಲ. ಕಾರಣ ಹೇಳುವುದು ಕೆಲಸ ಬಾರದವರು ಮಾಡುವ ಕೆಲಸ ಅಂತ ಅದೇ ದೊಡ್ಡ ಮೇಸ್ತ್ರಿ ಕಲಿಸಿದ್ದರಲ್ಲ! ಆ ತಿಂಗಳೇ ರಾಜಧಾನಿಯ ದೊಡ್ಡ ಅಚ್ಚುಕೂಟಕ್ಕೆ ಹೊಸ ಅಕ್ಷರ ಕೆತ್ತುವ ಕೆಲಸಕ್ಕೆ ಅವರು ಆಳು ಆರಿಸಿದರು. ಇವನನ್ನು ಬಿಟ್ಟು ಇನ್ನಿಬ್ಬರನ್ನು ಆರಿಸಿದರು. ಅವತ್ತಿನಿಂದ ಇವನು ಪೆಟ್ಟಿಗೆ ಮೇಸ್ತ್ರಿ.

ಬೇರೆ ಯಾರಾದರೂ ಆಗಿದ್ದರೆ ನಾಲ್ಕು ದಿನ ಬೈದುಕೊಂಡು ಮರೆತುಬಿಡುತ್ತಿದ್ದರು. ಇವನು ಮರೆಯುವ ಆಸಾಮಿಯಲ್ಲ. ಮನೆಯ ಹಿಂದಿನ ಕೋಣೆಯಲ್ಲಿ, ದಿನದ ಕೆಲಸ ಮುಗಿದ ಮೇಲೆ, ಒಳ್ಳೆಯ ಮರದಲ್ಲಿ ತನ್ನದೇ ಒಂದು ಸೆಟ್ಟು ಕೆತ್ತಲು ಶುರುಮಾಡಿದ. ಹನ್ನೊಂದು ವರ್ಷ ಹಿಡಿಯಿತು. ಒಂದು ಅಕ್ಷರವನ್ನು ಮೂವತ್ತು ಸಲ ಕೆತ್ತಿ ಇಪ್ಪತ್ತೊಂಬತ್ತನ್ನು ಒಲೆಗೆ ಹಾಕಿದ್ದೂ ಉಂಟು. ‘ಬೇರೆಯವರ ಗಂಡಂದಿರು ಕುಡಿದು ಮನೆ ಹಾಳು ಮಾಡ್ತಾರೆ, ನಮ್ಮವರು ಅಕ್ಷರ ಕೆತ್ತಿ ಮನೆ ಬೆಚ್ಚಗೆ ಇಡ್ತಾರೆ’ ಅಂತ ಹೆಂಡತಿ ಒಲೆಯ ಮುಂದೆ ಕೂತು ಹೇಳುತ್ತಿದ್ದಳು. ಅವಳ ಬಾಯಿ ಅಂಥದ್ದು. ಆದರೆ ಒಳ್ಳೆಯ ಸೆಟ್ಟನ್ನು ಇಡಲು ಡ್ರಾಯರಿಗೆ ಮೆತ್ತನೆಯ ಬಟ್ಟೆ ಹೊಲಿದು ಹಾಸಿದವಳೂ ಅವಳೇ.

ಆ ಸೆಟ್ಟು ಮುಗಿಯುವ ಹೊತ್ತಿಗೆ ದೊಡ್ಡ ಮೇಸ್ತ್ರಿ ಸತ್ತು ಎರಡು ವರ್ಷವಾಗಿತ್ತು. ಅಚ್ಚುಕೂಟಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಮರದ ಅಕ್ಷರ ಯಾರಿಗೂ ಬೇಡವಾಯಿತು. ಮೇಸ್ತ್ರಿ ಬಾಗಿಲು, ಕಿಟಕಿ, ಮೇಜು ರಿಪೇರಿ ಮಾಡಿಕೊಂಡು ಸಂಸಾರ ನಡೆಸಿದ. ಅವನಿಗೆ ಉಳಿದದ್ದು ಒಂದೇ ಆಸೆ. ಕೆಲಸ ಬಲ್ಲವರು ಯಾರಾದರೂ, ಒಬ್ಬರೇ ಒಬ್ಬರು, ಆ ಡ್ರಾಯರು ತೆಗೆದು ನೋಡಿ ‘ಇವನು ಕೆಲಸಗಾರ’ ಅನ್ನಬೇಕು. ಅಷ್ಟು ಸಾಕು. ಅದಕ್ಕಾಗಿ ಮೂವತ್ತಮೂರು ವರ್ಷ ಕಾದ. ಕೇಳುವವರಿಗೆ ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ಅವನಿಗೆ ಇದರ ಮುಂದೆ ಮಿಕ್ಕಿದ್ದೆಲ್ಲ ಸಣ್ಣದು.

ಹೀಗಿರುವಾಗ ಒಂದು ಮಧ್ಯಾಹ್ನ ಬಾಗಿಲು ಬಡಿದಳು ಒಬ್ಬ ಡಿಸೈನರ್ ಹುಡುಗಿ. ಮೂವತ್ತರ ವಯಸ್ಸು, ಬೆನ್ನಿಗೆ ಚೀಲ, ಕಣ್ಣಲ್ಲಿ ಮಿಂಚು. ಕಂಪ್ಯೂಟರಿಗೆ ಅಕ್ಷರ ಮಾಡುವುದು ಅವಳ ಕೆಲಸವಂತೆ. ‘ಮರದ ಅಕ್ಷರ ಕೆತ್ತುತ್ತಿದ್ದ ಮೇಸ್ತ್ರಿ ನೀವೇನಾ ಅಜ್ಜ? ಎಷ್ಟು ದಿನದಿಂದ ಹುಡುಕ್ತಾ ಇದ್ದೀನಿ ಗೊತ್ತಾ!’ ಅಂದಳು. ಮೇಸ್ತ್ರಿ ಅವಳನ್ನು ಕೂರಿಸುವ ಮೊದಲು ಕುರ್ಚಿಯನ್ನು ಮತ್ತೆ ಮತ್ತೆ ಒರೆಸಿದ. ಹೆಂಡತಿಗೆ ಟೀ ಮಾಡಲು ಹೇಳಿ, ಅವಳು ಏಳುವ ಮೊದಲೇ ತಾನೇ ಅಡುಗೆಮನೆಗೆ ಹೋಗಿ, ಹೋದದ್ದು ಯಾಕೆ ಅಂತ ಮರೆತು ವಾಪಸು ಬಂದ. ಕೊನೆಗೆ ಡ್ರಾಯರನ್ನೇ ಎತ್ತಿ ತಂದು ಅವಳ ಮುಂದೆ ಇಟ್ಟು ಬಟ್ಟೆ ಸರಿಸಿದ.

ಹುಡುಗಿ ಒಂದನ್ನು ಎತ್ತಿ ನೋಡಿದಳು. ಇನ್ನೊಂದು ನೋಡಿದಳು. ‘ಚೆನ್ನಾಗಿದೆ ಅಜ್ಜ. ತುಂಬಾ ನೀಟಾಗಿದೆ’ ಅಂದಳು. ಆಸ್ಪತ್ರೆಯಲ್ಲಿ ರೋಗಿಗೆ ಹೇಳುತ್ತಾರಲ್ಲ, ಆ ದನಿ. ‘ಆದ್ರೆ ಇದು ಕಂಪ್ಯೂಟರ್ ಅಕ್ಷರದ ಹಾಗೇ ಇದೆ. ಇಂಥದ್ದು ನಮ್ಮ ಹತ್ರ ನೂರಾರು ಇವೆ. ನಾನು ಬಂದಿದ್ದು ಇದಕ್ಕೆ.’ ಚೀಲದಿಂದ ಒಂದು ತುಂಡು ತೆಗೆದು ಮೇಜಿನ ಮೇಲೆ ಇಟ್ಟಳು. ಮೆತ್ತನೆ ಮರ, ಮೊಳೆಯ ತೂತು, ಜಜ್ಜಿದ ಪಾದ. ಮುಚ್ಚಿದ ಅಚ್ಚುಕೂಟದ ಅಟ್ಟದಲ್ಲಿ ಅವಳಿಗೆ ಎಪ್ಪತ್ತೆರಡೂ ಸಿಕ್ಕಿದ್ದವು. ಗೆದ್ದಲಿಗೂ ಬೇಡವಾಗಿತ್ತು ಆ ಮರ.

‘ಇದು ನನ್ನದಲ್ಲ’ ಅಂದುಬಿಡಬೇಕು ಅಂತ ಮೇಸ್ತ್ರಿಯ ನಾಲಿಗೆಯ ತುದಿಗೆ ಬಂತು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ‘ಇದು ಕೆಟ್ಟ ಕೆಲಸ, ಮಗು. ಬೆರಳು ಸೀಳಿಹೋಗಿತ್ತು’ ಅಂದ.

ಹೇಳಬಾರದಿತ್ತು. ಹುಡುಗಿಯ ಕಣ್ಣು ಇಷ್ಟಗಲವಾಯಿತು. ‘ರಕ್ತ ಸುರೀತಾ ಇರುವಾಗ ಕೆತ್ತಿದ್ದಾ?’ ಅಂತ ಬರೆದುಕೊಂಡಳು. ಪೆಟ್ಟಿಗೆ, ಸರ್ಕಸ್ಸು, ನಾಲ್ಕು ದಿನ, ಎಲ್ಲ ಬರೆದುಕೊಂಡಳು. ಬೈದು ಹೋಗಿದ್ದ ದೊಡ್ಡ ಮೇಸ್ತ್ರಿಯ ಮಾತನ್ನೂ ಬರೆದುಕೊಂಡು ನಕ್ಕಳು. ಮುಂದಿನ ಆರು ತಿಂಗಳಲ್ಲಿ ಪ್ರತಿ ತುಂಡಿಗೂ ಮಸಿ ಹಚ್ಚಿ, ಕಾಗದದ ಮೇಲೆ ಒತ್ತಿ, ಆ ಗುರುತನ್ನು ಕಂಪ್ಯೂಟರಿಗೆ ಹಾಕಿ, ಚಕ್ಕೆ ಎದ್ದದ್ದು ಎದ್ದ ಹಾಗೇ, ಜಾರಿದ್ದು ಜಾರಿದ ಹಾಗೇ ಒಂದು ಫಾಂಟು ಮಾಡಿದಳು. ಪ್ರೀತಿಯಿಂದ ಅದಕ್ಕೆ ‘ಪೆಟ್ಟಿಗೆ’ ಅಂತಲೇ ಹೆಸರಿಟ್ಟಳು. ಯಾರೋ ಬೀದಿಯಲ್ಲಿ ಮೇಸ್ತ್ರಿಯ ಅಡ್ಡಹೆಸರು ಹೇಳಿದ್ದರು, ಅದು ಗೌರವದ ಹೆಸರು ಅಂದುಕೊಂಡಿತ್ತು ಪಾಪದ್ದು.

ಒಂದು ವರ್ಷದೊಳಗೆ ಆ ಅಕ್ಷರ ಎಲ್ಲೆಲ್ಲೂ ಬಂತು. ಮೇಸ್ತ್ರಿ ಹಲ್ಲುಜ್ಜುವ ಪೇಸ್ಟಿನ ಡಬ್ಬದ ಮೇಲೆ ಬಂತು, ಡಾಕ್ಟರ ಕ್ಲಿನಿಕ್ಕಿನ ಗೋಡೆಯ ಮೇಲೆ ಬಂತು, ಬಸ್ಸಿನ ಬೆನ್ನ ಮೇಲೆ ಎರಡಾಳೆತ್ತರ ಬಂತು. ‘ನಿಮ್ಮ ಪಾದ ನೋಡ್ರೀ, ಬಸ್ ಹತ್ತಿದೆ’ ಅಂತ ಹೆಂಡತಿ ರೇಗಿಸಿದಳು. ಎರಡು ದಿನ ಅವಳ ಜೊತೆ ಮಾತು ಬಿಟ್ಟ. ಅವಳಿಗೇನು ಗೊತ್ತು ಅನ್ನಬೇಡಿ, ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ, ಅಳುವುದಕ್ಕಿಂತ ನಗುವುದು ವಾಸಿ ಅಂತ ನಗುತ್ತಿದ್ದಳು.

ಆಮೇಲೆ ಪ್ರದರ್ಶನದ ಸುದ್ದಿ ಬಂತು. ದೊಡ್ಡ ಹಾಲು, ದೀಪ, ಗಾಜಿನ ಪೆಟ್ಟಿಗೆಗಳಲ್ಲಿ ಮೂಲ ಅಕ್ಷರಗಳು, ವೇದಿಕೆಯ ಮೇಲೆ ಮೇಸ್ತ್ರಿಗೆ ಸನ್ಮಾನ. ಒಳ್ಳೆಯ ಸೆಟ್ಟನ್ನೂ ಇಡುತ್ತೀಯಾ ಅಂತ ಮೇಸ್ತ್ರಿ ಎರಡು ಸಲ ಕೇಳಿದ. ‘ಜಾಗ ಇಲ್ಲ ಅಜ್ಜ’ ಅಂದಳು ಹುಡುಗಿ, ಎರಡು ಸಲವೂ. ಮೂರನೆಯ ಸಲ ಅವನು ಕೇಳಲಿಲ್ಲ. ಪ್ರದರ್ಶನಕ್ಕೆ ಇನ್ನೂ ಆರು ವಾರ ಇರುವಾಗ ಅವಳು ಎಪ್ಪತ್ತೆರಡು ತುಂಡನ್ನೂ ಡಬ್ಬಗಳಲ್ಲಿ ತಂದು ಅವನ ಮನೆಯಲ್ಲಿ ಇಳಿಸಿದಳು. ಹಳೆಯ ಮಸಿ ಕಲ್ಲಿನ ಹಾಗೆ ಕಟ್ಟಿಕೊಂಡಿತ್ತು. ಮರಕ್ಕೆ ಪೆಟ್ಟಾಗದ ಹಾಗೆ ಅದನ್ನು ಬಿಡಿಸುವುದು ಬೇರೆ ಯಾರಿಗೂ ಬಾರದು. ‘ಮಸಿ ತೆಗೆದು ಒಂಚೂರು ಎಣ್ಣೆ ಒರೆಸಿ ಸಾಕು ಅಜ್ಜ. ಬೇರೆ ಏನೂ ಮುಟ್ಟಬೇಡಿ, ಪ್ಲೀಸ್’ ಅಂತ ಸ್ಪಷ್ಟವಾಗಿ ಹೇಳಿದಳು. ಅವಳದು ತಪ್ಪಿಲ್ಲ.

ಮೊದಲ ಎರಡು ದಿನ ಮೇಸ್ತ್ರಿ ಬರೀ ಮಸಿ ಬಿಡಿಸಿದ. ಮಸಿ ಹೋದಷ್ಟೂ ತಪ್ಪು ಕಂಡಿತು. ಇಲ್ಲಿ ಉಳಿ ಜಾರಿದೆ, ಇಲ್ಲಿ ನಾರು ಎದ್ದಿದೆ, ಇಲ್ಲಿ ಒಂದು ಪಾದ ಇನ್ನೊಂದಕ್ಕಿಂತ ಅಕ್ಕಿಕಾಳಿನಷ್ಟು ಉದ್ದ. ನಲವತ್ತಾರು ವರ್ಷದ ನಂತರ ಅವು ಮತ್ತೆ ಅವನ ಮೇಜಿನ ಮೇಲೆ ಬಂದು ಮಲಗಿವೆ. ಮೂರನೆಯ ದಿನ ಬೆಳಿಗ್ಗೆ ಉಳಿಗಳನ್ನು ತೆಗೆದು ಸಾಣೆ ಹಿಡಿದ. ಸಾಣೆಯ ಸದ್ದು ಕೇಳಿ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು.

‘ಒರೆಸೋಕೆ ಉಳಿ ಯಾಕೆ?’

‘ಸುಮ್ನಿರು.’

‘ಆ ಹುಡುಗಿ ಬರೀ ಒರೆಸೋಕೆ ಹೇಳಿದ್ದು. ನನ್ನ ಕಿವಿ ಇನ್ನೂ ನೆಟ್ಟಗಿದೆ.’

‘ಅವಳು ಚಿಕ್ಕವಳು. ಅವಳಿಗೆ ಏನು ಗೊತ್ತು? ಹೆಸರು ಹಾಕೋದು ನಂದು ತಾನೇ? ಜನ ನೋಡೋದು ಇದನ್ನೇ ಅಂದ್ಮೇಲೆ ಸರಿಯಾಗಿರೋದನ್ನ ನೋಡಲಿ.’

‘ಏನಾದ್ರೂ ಮಾಡ್ಕೊಳ್ಳಿ’ ಅಂದು ಅವಳು ಹೋದಳು. ಎಂದೂ ಗಂಡ ಅಷ್ಟು ಬೆಳಿಗ್ಗೆ ಎದ್ದು ಹಾಡು ಗುನುಗಿಕೊಂಡು ಕೆಲಸಕ್ಕೆ ಕೂತದ್ದು ಅವಳು ನೋಡಿರಲಿಲ್ಲ. ತಡೆಯಲು ಮನಸ್ಸು ಬರಲಿಲ್ಲ. ಅದನ್ನು ನೆನೆಸಿಕೊಂಡು ಅವಳು ಆಮೇಲೆ ಬಹಳ ದಿನ ತನ್ನನ್ನೇ ಬೈದುಕೊಂಡಳು.

ನಾಲ್ಕು ವಾರ! ಉದ್ದವಾದ ಪಾದಗಳನ್ನು ಕೂದಲು ಕೂದಲಾಗಿ ಸವರಿದ. ಮೋಟಾದವಕ್ಕೆ ಅದೇ ಜಾತಿಯ ಮರದ ಚಕ್ಕೆ ಅಂಟಿಸಿ ಬೆಳೆಸಿದ. ಗಂಟುಗಳನ್ನು ಅಗೆದು ತೆಗೆದು ಹೊಸ ಮರ ಕೂರಿಸಿದ, ಮೊಳೆಯ ತೂತುಗಳಿಗೆ ಬೆಣೆ ಹೊಡೆದ. ಬೆಸೆದ ಜಾಗದ ಮೇಲೆ ಉಗುರು ಆಡಿಸಿದರೂ ಸಿಗುತ್ತಿರಲಿಲ್ಲ. ಕಣ್ಣು ಮಬ್ಬಾಗಿತ್ತು, ಕೈ ನೋಡಿಕೊಂಡಿತು. ಆ ದರಿದ್ರ ಪೆಟ್ಟಿಗೆ ಮರದಿಂದ ಅಂಥ ಅಕ್ಷರ ತೆಗೆಯುವುದು ದೊಡ್ಡ ಮೇಸ್ತ್ರಿಯ ಕೈಯಲ್ಲೂ ಆಗುತ್ತಿರಲಿಲ್ಲ. ಇದು ಅವನ ಜೀವಮಾನದಲ್ಲೇ ಶ್ರೇಷ್ಠ ಕೆಲಸ, ಹನ್ನೊಂದು ವರ್ಷದ ಸೆಟ್ಟಿಗಿಂತ ಒಂದು ಕೈ ಮೇಲು. ಅವನಿಗೆ ಅದು ಗೊತ್ತಿತ್ತು. ಎಪ್ಪತ್ತೆರಡನೆಯದು ಮುಗಿದ ದಿನ ಹೆಂಡತಿಯನ್ನು ಕರೆದು ತೋರಿಸಿ, ಮಗುವಿನ ಹಾಗೆ ಅವಳ ಮುಖವನ್ನೇ ನೋಡುತ್ತಾ ನಿಂತ.

ಹುಡುಗಿ ಬಂದಳು. ಡಬ್ಬದ ಮುಚ್ಚಳ ತೆಗೆದಳು. ಮೊದಲು ಬೇರೆ ಡಬ್ಬ ಅಂದುಕೊಂಡಳು, ಪಕ್ಕದ್ದನ್ನು ತೆಗೆದಳು. ಆಮೇಲೆ ಮೂರನೆಯದು. ಮೇಸ್ತ್ರಿ ಕೈ ಕಟ್ಟಿಕೊಂಡು, ನಗು ತಡೆದುಕೊಂಡು ಕಾಯುತ್ತಿದ್ದ. ಅವಳು ನೆಲದ ಮೇಲೆ ಕುಸಿದು ಕೂತಳು.

‘ಅಜ್ಜ, ಏನ್ ಮಾಡಿಬಿಟ್ರಿ?’

‘ಸರಿ ಮಾಡಿದೆ. ನೋಡು, ಆ ಪಾದ ನೋಡು. ಎರಡನ್ನೂ ಜೋಡಿಸಿ ನೋಡು.’

‘ಇದು ಈಗ ಏನೂ ಅಲ್ಲ ಅಜ್ಜ!’ ಅಂದಳು. ‘ಇದು ಯಾವುದೋ ಅಕ್ಷರ. ಎಲ್ಲಾದರೂ ಸಿಗೋ ಅಕ್ಷರ. ಫಾಂಟಿನ ಮೂಲ ಎಲ್ಲಿ ಅಂದ್ರೆ ನಾನು ಏನು ತೋರಿಸ್ಲಿ?’ ಅತ್ತಳು. ನಾಟಕದ ಅಳುವಲ್ಲ, ಮನೆಯಲ್ಲಿ ಯಾರೋ ಹೋದ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಹೆಂಡತಿ ನೀರು ತಂದುಕೊಟ್ಟು ಅವಳ ಬೆನ್ನು ಸವರಿದಳು. ಮೇಸ್ತ್ರಿಗೆ ಸಿಟ್ಟು ಬಂತು, ನಾಚಿಕೆ ಆಯಿತು, ಮತ್ತೆ ಸಿಟ್ಟು ಬಂತು. ತನ್ನ ಕೈಯ ಅತ್ಯುತ್ತಮ ಕೆಲಸ ನೋಡಿ ಒಂದು ಜೀವ ಹೀಗೆ ಅಳುತ್ತದಲ್ಲ, ಇದಕ್ಕೆ ಏನು ಹೇಳುವುದು? ಆದರೆ ಅವಳಿಗೆ ನಷ್ಟ ಮಾಡಿದ್ದು ತಾನೇ, ಅದೂ ಬೇಡ ಬೇಡ ಅಂದರೂ ಮಾಡಿದ್ದು. ತಲೆ ತಗ್ಗಿಸಿದ.

‘ಹೊಸದಾಗಿ ಕೆತ್ತಿಕೊಡ್ತೀನಿ. ಮೊದಲಿನ ಹಾಗೇ’ ಅಂದ.

ಪ್ರದರ್ಶನಕ್ಕೆ ಹತ್ತು ದಿನ ಇತ್ತು. ಪೆಟ್ಟಿಗೆ ಮರ ತರಿಸಿಕೊಂಡು ಕೂತ. ಮೂರು ದಿನ ಹೆಣಗಿದ. ತಪ್ಪು ಮಾಡಲು ಹೋದರೆ ಕೈ ಒಪ್ಪುತ್ತಿರಲಿಲ್ಲ. ಪಾದವನ್ನು ಉದ್ದ ಮಾಡಿದರೆ ಅಳತೆ ಹಿಡಿದು ಉದ್ದ ಮಾಡಿದ ಹಾಗೆ ಆಗುತ್ತಿತ್ತು. ಚಕ್ಕೆ ಎಬ್ಬಿಸಿದರೆ ಆ ಚಕ್ಕೆಯೂ ಚೊಕ್ಕವಾಗಿ ಏಳುತ್ತಿತ್ತು. ಎಡಗೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ನೋಡಿದ. ಒಂದಷ್ಟು ಹೊತ್ತು ಉಳಿಯನ್ನು ಬೇಕೆಂತಲೇ ಆ ಬೆರಳ ಮೇಲೆ ಇಟ್ಟುಕೊಂಡು ಕೂತಿದ್ದ. ಹೆಂಡತಿ ನೋಡಿ ಉಳಿ ಕಿತ್ತುಕೊಂಡು ಹೋದಳು. ಹುಡುಗಿ ಬಂದು ಆದ ಐದು ಅಕ್ಷರ ನೋಡಿ, ‘ಕುಂಟನ ಹಾಗೆ ನಟನೆ ಮಾಡಿದಂತಿದೆ ಅಜ್ಜ. ಬೇಡ ಬಿಡಿ. ಕಂಪ್ಯೂಟರಲ್ಲಿ ಎಲ್ಲ ಇದೆಯಲ್ಲ, ಯಂತ್ರಕ್ಕೆ ಕೊಟ್ಟು ಕೆತ್ತಿಸೋಣ. ಯಾರಿಗೂ ಹೇಳೋದು ಬೇಡ’ ಅಂದಳು. ತಪ್ಪು ತನ್ನದು. ‘ಆಗಲಿ’ ಅಂದ.

ಮರ ಹೇಗೆ ಕೂರಿಸಬೇಕು ಅಂತ ಹೇಳಲು ಅವನನ್ನೂ ಯಂತ್ರವಿದ್ದ ಶೆಡ್ಡಿಗೆ ಕರೆದುಕೊಂಡು ಹೋದಳು. ತಗಡಿನ ಮಾಡು, ಟ್ಯೂಬ್‌ಲೈಟು, ಗಾಜಿನ ಬಾಗಿಲಿನ ಒಂದು ಯಂತ್ರ. ಒಳಗೆ ಪೆಟ್ಟಿಗೆ ಮರದ ತುಂಡು ಇಟ್ಟು ಆಪರೇಟರು ಗುಂಡಿ ಒತ್ತಿದ. ಸೂಜಿಯಂಥ ಉಳಿ ಕೆಳಗಿಳಿಯಿತು. ಮೇಸ್ತ್ರಿ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದ. ಅವನ ಬೆರಳು ಸೀಳಿದ ಅಕ್ಷರ ಅದು. ಉಳಿ ಜಾರಿದ ಗೆರೆಯ ಹತ್ತಿರ ಯಂತ್ರ ಬಂತು. ಜಾರಲಿಲ್ಲ. ನಿಧಾನವಾಗಿ, ಎಳ್ಳಷ್ಟೂ ಅಲುಗದೆ, ಆ ಜಾರುವಿಕೆಯನ್ನು ಅಳತೆ ಮೀರದಂತೆ ಕೆತ್ತಿತು. ಸಾಲದು ಅಂತ ಮತ್ತೊಮ್ಮೆ ಬಂದು ಇನ್ನೂ ಚೂರು ತಿದ್ದಿತು.

‘ಭಾರೀ ಸೊಟ್ಟ ಇದೆ ಇದು’ ಅಂದ ಆಪರೇಟರು. ‘ನೇರ ಇದ್ದಿದ್ರೆ ಹತ್ತು ನಿಮಿಷದ ಕೆಲಸ. ಇದಕ್ಕೆ ಒಂದೊಂದಕ್ಕೂ ಮುಕ್ಕಾಲು ಗಂಟೆ ತಗೊಳ್ತಿದೆ. ಯಾವ ಪುಣ್ಯಾತ್ಮ ಕೆತ್ತಿದ್ನೋ!’

‘ಯಾರೋ’ ಅಂದ ಮೇಸ್ತ್ರಿ.

ಪ್ರದರ್ಶನದ ಸಂಜೆ ಹಾಲು ತುಂಬಿತ್ತು. ಗಾಜಿನೊಳಗೆ ಎಪ್ಪತ್ತೆರಡು ತುಂಡು, ಮಸಿ ಹಚ್ಚಿ ಒರೆಸಿ ಹಳೆಯದು ಮಾಡಿದ್ದು, ಒಂದೊಂದಕ್ಕೂ ಒಂದೊಂದು ದೀಪ. ‘ಮೇಸ್ತ್ರಿಯ ಕೈಯಿಂದ, ನಾಲ್ಕು ದಿನಗಳಲ್ಲಿ’ ಅಂತ ಗೋಡೆಯ ಮೇಲೆ ಅದೇ ಅಕ್ಷರದಲ್ಲಿ ಬರೆದಿತ್ತು. ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಅಂಗಿ ಹಾಕಿಕೊಂಡು ಮೇಸ್ತ್ರಿ ವೇದಿಕೆಯ ಮೇಲೆ ಕೂತಿದ್ದ. ಅಂಗಿಯ ಜೇಬಿನಲ್ಲಿ ತಾನು ಸರಿ ಮಾಡಿದ ಎಪ್ಪತ್ತೆರಡರಲ್ಲಿ ಒಂದನ್ನು ಹಾಕಿಕೊಂಡು ಬಂದಿದ್ದ. ಯಾಕೆ ಅಂತ ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ಹೊಗಳಿದವರೆಲ್ಲ ಹೊಗಳಿದರು. ಯಂತ್ರದ ಕಾಲದಲ್ಲಿ ಮನುಷ್ಯನ ಕೈ, ಮನುಷ್ಯನ ಬಿಸಿ, ಮನುಷ್ಯನ ತಪ್ಪು ಅಂತ ಒಬ್ಬ ದೊಡ್ಡ ಮನುಷ್ಯರು ಅರ್ಧ ಗಂಟೆ ಮಾತಾಡಿದರು. ಆಮೇಲೆ ಮೈಕು ಮೇಸ್ತ್ರಿಯ ಕೈಗೆ ಬಂತು.

ಅವನಿಗೆ ಮಾತು ಬರುವುದಿಲ್ಲ. ಜೇಬಿನಿಂದ ತುಂಡು ತೆಗೆದ. ಗಾಜಿನ ಪೆಟ್ಟಿಗೆಯ ಹತ್ತಿರ ಹೋಗಿ, ಮುಚ್ಚಳ ಎತ್ತಿ, ಒಳಗಿನಿಂದ ಅದೇ ಅಕ್ಷರದ ತುಂಡನ್ನು ಎತ್ತಿಕೊಂಡ. ಹುಡುಗಿ ಅರ್ಧ ಎದ್ದು, ಮತ್ತೆ ಕೂತಳು. ಎರಡನ್ನೂ ಮುಂದಿನ ಸಾಲಿನವರ ಕೈಗೆ ಕೊಟ್ಟ.

‘ನೋಡಿ’ ಅಂದ. ‘ಇದರಲ್ಲಿ ಒಂದು ನನ್ನ ಕೈಯಲ್ಲಿ ಕೆತ್ತಿದ್ದು. ಒಂದು ಮಿಷನ್ನಿನದು. ಯಾವುದು ಯಾವುದು ಹೇಳಿ.’

ತುಂಡುಗಳು ಸಾಲಿನಿಂದ ಸಾಲಿಗೆ ಹೋದವು. ಯಾರಿಗೂ ಕ್ಷಣ ಹೊತ್ತೂ ಬೇಕಾಗಲಿಲ್ಲ. ‘ಇದು ಕೈ, ಇದು ಮಿಷನ್’ ಅಂದರು ಎಲ್ಲರೂ, ಸೊಟ್ಟ ಪಾದವನ್ನು ಬೆರಳಲ್ಲಿ ಸವರಿ. ಮೊದಲ ಸಾಲಿನ ಒಬ್ಬ ತಾಯಿ ಮಗಳ ಕೈಗೆ ಎರಡನ್ನೂ ಕೊಟ್ಟು, ‘ಮುಟ್ಟಿ ನೋಡು, ವ್ಯತ್ಯಾಸ ಗೊತ್ತಾಗುತ್ತೆ. ಇದರಲ್ಲಿ ಜೀವ ಇದೆ, ಇದು ಬರೀ ಮರ’ ಅಂದಳು. ನೇರ ಪಾದದ ತುಂಡನ್ನು ಮಗಳ ಕೈಯಿಂದ ತೆಗೆದು ಪಕ್ಕದ ಖಾಲಿ ಕುರ್ಚಿಯ ಮೇಲೆ ಇಟ್ಟುಬಿಟ್ಟಳು.

‘ಅದು ನಂದು’ ಅಂದ ಮೇಸ್ತ್ರಿ ಮೈಕಿನಲ್ಲಿ. ‘ಆ ನೇರ ಇರೋದು. ಅದು ನನ್ನ ಕೈ. ಸೊಟ್ಟ ಇರೋದು ಮಿಷನ್ನಿನದು. ಎಲ್ಲಾ ಮಿಷನ್ನಿನದು.’

ಎಲ್ಲರೂ ಒಟ್ಟಿಗೆ ಗೊಳ್ಳನೆ ನಕ್ಕರು. ‘ಭಾರೀ ಹಾಸ್ಯ ನಿಮ್ಮದು ಅಜ್ಜ!’ ಅಂತ ಯಾರೋ ಹಿಂದಿನಿಂದ ಕೂಗಿದರು. ಚಪ್ಪಾಳೆ ಬಿತ್ತು, ಬೀಳುತ್ತಲೇ ಇತ್ತು, ಜನ ಎದ್ದು ನಿಂತು ತಟ್ಟಿದರು. ಹುಡುಗಿಯೂ ತಟ್ಟಿದಳು, ನೆಲ ನೋಡಿಕೊಂಡು. ‘ತಮಾಷೆ ಅಲ್ಲ’ ಅಂತ ಮೇಸ್ತ್ರಿ ಇನ್ನೆರಡು ಸಲ ಅಂದ. ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಮೊದಲ ಸಾಲಿನಿಂದ ಹೆಂಡತಿ ಎದ್ದು ಬಂದಳು. ಬರುತ್ತಾ ಆ ಖಾಲಿ ಕುರ್ಚಿಯ ಮೇಲಿದ್ದ ತುಂಡನ್ನು ಎತ್ತಿಕೊಂಡು, ಸೆರಗಿನಲ್ಲಿ ಒರೆಸಿ, ಅವನ ಜೇಬಿಗೆ ಹಾಕಿದಳು. ಅವನ ಕೈಯಿಂದ ಮೈಕು ಬಿಡಿಸಿಕೊಂಡಳು.

‘ಯಾರಿಗೆ ಹೇಳ್ತಿದ್ದೀರಿ?’ ಅಂದಳು ಮೆಲ್ಲಗೆ. ‘ಕೂತ್ಕೊಳ್ಳಿ.’

ಅವನು ಕೂತ.